ಕಾಲ್ಬೆರಳಿಗೇಕೆ ಶ್ರುತಿಕವೆ?

ಪ್ರಶ್ನೆ: ನಮ್ಮ ಮಾವನವರಿಗೆ 68 ವರ್ಷ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಈಚೆಗೆ ನಡೆಯುವಾಗ ಓಲಾಡುತ್ತಾರೆ, ಮುಖಕ್ಕೆ ಸೋಪು ಹಚ್ಚಿಕೊಳ್ಳುವಾಗ ಎರಡು ಸಲ ಬಚ್ಚಲಲ್ಲಿ ಬಿದ್ದರು. ತಲೆ ಸ್ಕ್ಯಾನ್ ಮಾಡಿಸಬೇಕೇನೋ ಅಂದುಕೊಂಡು ಹೋದರೆ ಡಾಕ್ಟರು ಗುಂಯ್‌ಗುಡುವ ಕಡ್ಡಿಯೊಂದನ್ನು ಕಾಲಿನ ಹೆಬ್ಬೆರಳಿಗೆ ಇಟ್ಟರು, ಬೆರಳನ್ನು ಮೇಲೆ ಕೆಳಗೆ ಆಡಿಸಿದರು. ಒಂದು ಸಲ ಕಡ್ಡಿಯನ್ನು ಬಡಿಯದೆಯೇ ಇಟ್ಟರು! ತಲೆಯ ತೊಂದರೆಗೆ ಕಾಲಿನ ಪರೀಕ್ಷೆ ಏಕೆ?
— ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುಳಿವಿದೆ, ಸೋಪು. ಸೋಪು ಹಚ್ಚಿದಾಗ ಕಣ್ಣು ಮುಚ್ಚುತ್ತೇವಲ್ಲ?

ನೆಟ್ಟಗೆ ನಿಲ್ಲಬೇಕಾದರೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತಿರಬೇಕು: ಕಣ್ಣಿನಿಂದ, ಒಳಕಿವಿಯಿಂದ, ಕಾಲಿನ ಚರ್ಮ, ಸ್ನಾಯು, ಕೀಲುಗಳಿಂದ. ಒಂದು ಕೈಕೊಟ್ಟರೆ ಉಳಿದೆರಡು ಹೇಗೋ ಸಂಭಾಳಿಸುತ್ತವೆ. ಕಾಲಿನ ಸುದ್ದಿ ತಪ್ಪಿದವರು ಹಗಲೆಲ್ಲ ನೆಲ ನೋಡಿಕೊಂಡು, ಅಂದರೆ ಕಣ್ಣಿನ ಬಲದಿಂದ, ನಡೆದುಬಿಡುತ್ತಾರೆ. ಕರೆಂಟು ಹೋದಾಗ, ರಾತ್ರಿ ಬಚ್ಚಲಿಗೆ ಎದ್ದಾಗ, ಮುಖ ತೊಳೆಯುವಾಗ ಗುಟ್ಟು ರಟ್ಟಾಗುತ್ತದೆ.

ಇದನ್ನೇ ಪರೀಕ್ಷೆಯಾಗಿ ಮಾಡಿದ್ದು ರೋಂಬರ್ಗ್ ಪರೀಕ್ಷೆ. ಮೊರಿಟ್ಸ್ ರೋಂಬರ್ಗ್ 19ನೇ ಶತಮಾನದ ಬರ್ಲಿನ್ ವೈದ್ಯ. ಸಿಫಿಲಿಸ್‌ನಿಂದ ಬೆನ್ನುಹುರಿ ಕೆಟ್ಟವರು ಆಗ ಬಹಳ. ಅವರು ಕಣ್ಣು ಬಿಟ್ಟು ನಿಲ್ಲುತ್ತಿದ್ದರು, ಮುಚ್ಚಿದೊಡನೆ ತೂರಾಡುತ್ತಿದ್ದರು. ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವುದು, ಬಿದ್ದರೆ ಹಿಡಿಯಲು ಪಕ್ಕದಲ್ಲೇ ನಿಂತಿರುವುದು, ಇಷ್ಟೇ ಪರೀಕ್ಷೆ. ಇದು ಕಿರುಮಿದುಳಿನ ಪರೀಕ್ಷೆ ಎಂದು ವೈದ್ಯ ವಿದ್ಯಾರ್ಥಿಗಳೂ ತಪ್ಪು ತಿಳಿಯುವುದುಂಟು. ಕಿರುಮಿದುಳು ಕೆಟ್ಟವರು ಕಣ್ಣು ಬಿಟ್ಟಿದ್ದರೂ ಓಲಾಡುತ್ತಾರೆ. ಕಣ್ಣು ಬಿಟ್ಟಾಗಿನದಕ್ಕೂ ಮುಚ್ಚಿದಾಗಿನದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನೇ ಇಲ್ಲಿ ನೋಡಬೇಕು.

ಆ ಕಡ್ಡಿ ಶಾಲೆಯಲ್ಲಿ ಕಂಡ ಶ್ರುತಿಕವೆಯೇ. ಕಾಲಿಗೆ ಸಾಮಾನ್ಯವಾಗಿ ಬಳಸುವುದು ಸೆಕೆಂಡಿಗೆ 128 ಸಲ ಕಂಪಿಸುವಂಥದ್ದು. ಬಡಿದು ಅದರ ಬುಡವನ್ನು ಹೆಬ್ಬೆರಳಿನ ಮೂಳೆಯ ಮೇಲೆ ಊರುತ್ತಾರೆ. ಅಲ್ಲಿ ಗೊತ್ತಾಗದಿದ್ದರೆ ಹರಡಿನ ಗಂಟು, ಆಮೇಲೆ ಮೊಣಕಾಲು, ಹೀಗೆ ಮೇಲೇರುತ್ತಾರೆ. ಉದ್ದದ ನರಗಳು ಮೊದಲು ಸೊರಗುವುದರಿಂದ ಸಕ್ಕರೆ ಕಾಯಿಲೆಯ ನರದೋಷ ಪಾದದಿಂದ ಶುರುವಾಗುತ್ತದೆ. ನಿಮ್ಮ ಮಾವನವರ ಚಪ್ಪಲಿ ಕಾಲಿಂದ ಜಾರಿಹೋದದ್ದು ಅವರಿಗೇ ತಿಳಿಯದೆ ಉಳಿದದ್ದುಂಟೇ? ನಮ್ಮ ಕಡೆ ಈ ಒಂದು ಪ್ರಶ್ನೆ ಅರ್ಧ ಪರೀಕ್ಷೆಗೆ ಸಮ.

ಬೆರಳು ಆಡಿಸಿದ್ದು ಕೀಲಿನ ಅರಿವು ನೋಡಲು. ಬೆರಳಿನ ಎರಡು ಪಕ್ಕ ಹಿಡಿದು ತುಸುವೇ ಅಲುಗಿಸಿ ‘ಮೇಲಕ್ಕೋ ಕೆಳಕ್ಕೋ’ ಎಂದು ಕೇಳಬೇಕು. ಮೇಲಿಂದ ಒತ್ತಿ ಹಿಡಿದರೆ ಆ ಒತ್ತಡವೇ ಉತ್ತರ ಹೇಳಿಕೊಡುತ್ತದೆ. ಅವಸರದಲ್ಲಿ ಹಾಗೆ ಹಿಡಿಯುವವರೇ ಹೆಚ್ಚು ಎಂದು ನನ್ನ ಅನುಮಾನ. ಇದರ ಜೊತೆಗೆ 10 ಗ್ರಾಂ ಭಾರಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡುವುದೂ ಇದೆ. ಆಣಿ ಕಟ್ಟಿದ ಜಾಗ ಬಿಟ್ಟು ಮುಟ್ಟಬೇಕು.

‘ಸೂಜಿ ಚುಚ್ಚಿದರೆ ನೋವಾಗುತ್ತಲ್ಲ, ಕಾಲಿಗೇನಾಗಿದೆ?’ ಎಂದು ಮಾವನವರು ಕೇಳಬಹುದು. ನೋವು ಮತ್ತು ಬಿಸಿ-ತಂಪಿನ ಸುದ್ದಿಗೆ ಬೆನ್ನುಹುರಿಯಲ್ಲಿ ಒಂದು ದಾರಿ. ಕಂಪನ ಮತ್ತು ಕೀಲಿನ ಸುದ್ದಿಗೆ ಹುರಿಯ ಹಿಂಭಾಗದಲ್ಲಿ ಬೇರೆಯೇ ದಾರಿ. ಒಂದು ಚೆನ್ನಾಗಿದ್ದು ಇನ್ನೊಂದು ಕೆಡಬಹುದು. ಬಿ12 ಜೀವಸತ್ವದ ಕೊರತೆ ಹಿಂಭಾಗದ ದಾರಿಯನ್ನು ವಿಶೇಷವಾಗಿ ಕೆಡಿಸುತ್ತದೆ. ಸೊಪ್ಪು, ಕಾಳು, ತರಕಾರಿಗಳಲ್ಲಿ ಬಿ12 ಇಲ್ಲ. ಸಸ್ಯಾಹಾರಿಗಳಿಗೆ ಸಿಗುವುದು ಮುಖ್ಯವಾಗಿ ಹಾಲು-ಮೊಸರಿನಿಂದ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೂ ಬಿ12 ಇಳಿಯಬಹುದು. ಮಾತ್ರೆ ನೀವೇ ನಿಲ್ಲಿಸಬೇಡಿ. ರಕ್ತದ ಬಿ12 ನೋಡಿಸೋಣವೇ ಎಂದು ವೈದ್ಯರನ್ನು ಕೇಳಿ. ಬೇಗ ಗೊತ್ತಾದರೆ ಗುಣವಾಗುವ ಭಾಗ ದೊಡ್ಡದು.

ವಯಸ್ಸಾದಂತೆ ಬೆರಳಿನ ಕಂಪನದ ಅರಿವು ಸಹಜವಾಗಿಯೂ ಮಂಕಾಗುತ್ತದೆ. ಆದ್ದರಿಂದ ಶ್ರುತಿಕವೆಯೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟಿ ಪಾದ ಕುಪ್ಪಳಿಸುತ್ತದೆಯೇ ಎಂದು ನೋಡುವುದು, ಎಡಬಲ ಹೋಲಿಸುವುದು, ನಡೆಸಿ ನೋಡುವುದು, ಎಲ್ಲವೂ ಬೇಕು. ಸ್ಕ್ಯಾನ್ ವ್ಯರ್ಥವೆಂದಲ್ಲ. ಓಲಾಟ ದಿಢೀರನೆ ಬಂದರೆ, ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಒಂದು ಕಡೆಯ ಕೈಕಾಲು ಸೋತರೆ ಶ್ರುತಿಕವೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ನು ಬಡಿಯದೆ ಇಟ್ಟ ಕಡ್ಡಿ. ಅದು ಮೋಸವಲ್ಲ. ನಮ್ಮ ಹಿರಿಯರಲ್ಲಿ ಡಾಕ್ಟರ ಮೇಲಿನ ಗೌರವಕ್ಕೆ ‘ಹೂಂ, ಗೊತ್ತಾಗ್ತಿದೆ’ ಎನ್ನುವವರು ಬಹಳ. ತಣ್ಣನೆಯ ಲೋಹ ತಾಗಿದ್ದನ್ನೇ ಕಂಪನ ಅಂದುಕೊಳ್ಳುವವರೂ ಉಂಟು. ಸುಮ್ಮನಿರುವ ಕಡ್ಡಿಗೂ ‘ಹೂಂ’ ಬಂದರೆ ಹಿಂದಿನ ಉತ್ತರಗಳನ್ನೆಲ್ಲ ಬಿಟ್ಟು, ಮೊದಲು ಎದೆಯ ಮೂಳೆಗೋ ಹಣೆಗೋ ಇಟ್ಟು ‘ಗುಂಯ್ ಅಂದರೆ ಹೀಗೆ’ ಎಂದು ತೋರಿಸಿ ಪರೀಕ್ಷೆಯನ್ನು ಹೊಸದಾಗಿ ಶುರುಮಾಡಬೇಕು. ಅಂದು ನಿಮ್ಮ ಮಾವನವರು ಏನೆಂದರು, ಅದನ್ನು ಮಾತ್ರ ನೀವು ಬರೆದಿಲ್ಲ!