ಗೈಡ್ ಮಡಚಿಡಿ, ಊರು ನೋಡಿ: ಸಮಾಜಶಾಸ್ತ್ರ ಎಂ.ಎ.ಗೆ ಏಳು ಸೂತ್ರಗಳು

‘ಸಮಾಜಶಾಸ್ತ್ರವಾ? ಎರಡು ಗೈಡ್ ಓದಿದರೆ ಮುಗೀತಲ್ಲ’ ಎನ್ನುವವರು ಎಲ್ಲ ಕಾಲೇಜುಗಳಲ್ಲೂ ಸಿಗುತ್ತಾರೆ. ಗೈಡ್ ಓದಿ ಪಾಸಾಗಬಹುದು, ನಿಜ. ಆದರೆ ಸಮಾಜಶಾಸ್ತ್ರ ಬರುವುದಿಲ್ಲ. ಎರಡು ವರ್ಷ ಕೊಟ್ಟು ಅದನ್ನು ಕಲಿಯಲೇಬೇಕು ಎಂದು ಹೊರಟವರಿಗೆ ಈ ಮಾತುಗಳು.

1. ಹೆಸರು ನೋಡಿ ಸೇರಬೇಡಿ, ವಿಭಾಗ ನೋಡಿ ಸೇರಿ.
ಮಾನಸಗಂಗೋತ್ರಿ, ಜ್ಞಾನಭಾರತಿ, ಧಾರವಾಡ, ಶಂಕರಘಟ್ಟ: ಹೆಸರುಗಳೆಲ್ಲ ದೊಡ್ಡವೇ. ನೀವು ಕೇಳಬೇಕಾದದ್ದು ಬೇರೆ. ಕಾಯಂ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ? ಅವರು ಯಾವುದರ ಮೇಲೆ ಕೆಲಸ ಮಾಡುತ್ತಾರೆ? ಕ್ಷೇತ್ರಕಾರ್ಯಕ್ಕೆ ಹಳ್ಳಿಗೆ ಕರೆದೊಯ್ಯುತ್ತಾರೋ, ಇಲ್ಲ ಕಾಗದದ ಮೇಲೆ ಮುಗಿಸುತ್ತಾರೋ? ಇದಕ್ಕೆಲ್ಲ ಪ್ರಾಸ್ಪೆಕ್ಟಸ್ ಉತ್ತರ ಕೊಡುವುದಿಲ್ಲ. ಕ್ಯಾಂಟೀನಿನಲ್ಲಿ ಎರಡನೇ ವರ್ಷದವರನ್ನು ಹಿಡಿಯಿರಿ, ಹತ್ತು ನಿಮಿಷದಲ್ಲಿ ಎಲ್ಲವೂ ಗೊತ್ತಾಗುತ್ತದೆ.

2. ರಾಜ್ಯದ ಆಚೆಗೂ ಅರ್ಜಿ ಹಾಕಿ.
ಹೈದರಾಬಾದ್ ವಿಶ್ವವಿದ್ಯಾಲಯ, ಜೆಎನ್‌ಯು, ದೆಹಲಿ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಎಂಬ ಒಂದೇ ಪರೀಕ್ಷೆ. ದೆಹಲಿಯ ವಿಭಾಗವನ್ನು 1959ರಲ್ಲಿ ಕಟ್ಟಿದವರು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ ಎಂಬುದು ನೆನಪಿರಲಿ. ‘ಅಲ್ಲೆಲ್ಲ ನಮ್ಮಂಥವರಿಗೆ ಆಗುವುದಿಲ್ಲ’ ಎಂಬ ಹಿಂಜರಿಕೆ ಬೇಡ.

3. ಮೂಲ ಪುಸ್ತಕವನ್ನು ಮುಟ್ಟಿ.
ಮೂರೇ ಮೂರು ಸಾಕು, ಆದರೆ ಪೂರ್ತಿ ಓದಿ. ದುರ್ಖೈಮನ ‘ಸುಸೈಡ್’ (1897) ಇರಲಿ. ತೀರಾ ಖಾಸಗಿ ಎನಿಸುವ ಸಾವಿನ ಹಿಂದೆಯೂ ಸಮಾಜದ ಕೈ ಇರುತ್ತದೆಂದು ಅಂಕಿಅಂಶ ಇಟ್ಟುಕೊಂಡು ವಾದಿಸುವ ಬಗೆ ಅಲ್ಲಿದೆ. ಎರಡನೆಯದು ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ (1976). 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ, ಪಟೇಲರ ಎತ್ತಿನ ಮನೆಯಲ್ಲಿ ಉಳಿದು ಅಧ್ಯಯನ ಮಾಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳು ಆಹುತಿಯಾದವು. ಪುಸ್ತಕವನ್ನು ಮುಖ್ಯವಾಗಿ ನೆನಪಿನಿಂದ ಬರೆದರು. ಪರೀಕ್ಷೆಯಲ್ಲಿ ‘ಪ್ರಬಲ ಜಾತಿ’ಗೆ ನಾಲ್ಕು ಸಾಲಿನ ವ್ಯಾಖ್ಯಾನ ಬರೆಯುತ್ತೀರಲ್ಲ, ಅದು ಮನುಷ್ಯರಾಗಿ ಓಡಾಡುವುದನ್ನು ಈ ಪುಸ್ತಕದಲ್ಲಿ ನೋಡಿ.

ಮೂರನೆಯದು ನನ್ನ ಮೆಚ್ಚಿನದು: ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಸೀಮೆಯ ಎರಡು ಹಳ್ಳಿಗಳ ಬಗ್ಗೆ 1962ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದು ಊರಿಗೆ ನಾಲೆ ನೀರು ಬಂತು, ಇನ್ನೊಂದಕ್ಕೆ ಬರಲಿಲ್ಲ. ಹೆಚ್ಚು ಬದಲಾದದ್ದು ಯಾವುದು? ನೀರು ಬಾರದ ಊರು! ಅಲ್ಲಿಯವರು ಕೆಲಸ, ವ್ಯಾಪಾರ ಅಂತ ಹೊರಗೆ ಹೋದರು, ಹಳೆಯ ಕಟ್ಟುಗಳು ಸಡಿಲಾದವು. ನೀರು ಕಂಡ ಊರು ಗದ್ದೆಯಲ್ಲೇ ಉಳಿದು ಹಳೆಯ ಸಂಬಂಧಗಳನ್ನು ಗಟ್ಟಿ ಮಾಡಿಕೊಂಡಿತು. ಇಂಥದ್ದು ಯಾವ ಗೈಡಿನಲ್ಲೂ ಹೊಳೆಯುವುದಿಲ್ಲ.

4. ಪ್ರಶ್ನಾವಳಿ ಹಿಡಿದು ಮನೆ ಬಾಗಿಲಿಗೆ ಹೋಗುವ ಮುನ್ನ ಯೋಚಿಸಿ.
‘ನಿಮ್ಮ ವಾರ್ಷಿಕ ಆದಾಯ ಎಷ್ಟು?’ ಎಂದು ಕೇಳಿದರೆ ಬಿಪಿಎಲ್ ಕಾರ್ಡಿನ ಭಯ ಇರುವವರು ಸತ್ಯ ಹೇಳುತ್ತಾರೆಯೇ? ಅದರ ಬದಲು ಎಷ್ಟು ಹಸು ಇವೆ, ಡೇರಿಗೆ ಹಾಲು ಹಾಕಲು ಯಾರು ಹೋಗುತ್ತಾರೆ, ದುಡ್ಡು ಯಾರ ಖಾತೆಗೆ ಬೀಳುತ್ತದೆ ಎಂದು ಕೇಳಿ. ಹಸು ಮೇಯಿಸುವವಳು ಹೆಂಡತಿ, ಪಾಸ್‌ಬುಕ್ ಗಂಡನದು ಎಂದು ತಿಳಿದರೆ ನಿಮ್ಮ ಪ್ರಬಂಧ ಅಲ್ಲಿಂದಲೇ ಶುರು. ಹೆಂಗಸರ ಜೊತೆ ಮಾತಾಡಬೇಕಿದ್ದರೆ ಮಧ್ಯಾಹ್ನದ ಊಟವಾದ ಮೇಲೆ ಹೋಗಿ, ಸಾಯಂಕಾಲ ಹಾಲು ಕರೆಯುವ ಹೊತ್ತಿಗಲ್ಲ. ಮನೆಯ ಯಜಮಾನ ಪಕ್ಕದಲ್ಲಿ ಕೂತಿದ್ದರೆ ಉತ್ತರ ಯಾರದೆಂದು ನಿಮಗೇ ಗೊತ್ತು. ಅವತ್ತಿನ ಟಿಪ್ಪಣಿಯನ್ನು ಅವತ್ತೇ ರಾತ್ರಿ ಬರೆದಿಡಿ, ಎರಡು ಕಡೆ ಇಡಿ. ಮಾಹಿತಿ ಕೊಟ್ಟವರ ಹೆಸರು ಬದಲಿಸಿ.

5. ಇಂಗ್ಲಿಷಿಗೆ ಹೆದರಬೇಡಿ, ಕನ್ನಡವನ್ನೂ ಬಿಡಬೇಡಿ.
ದಿನಕ್ಕೆ ಎರಡು ಪುಟ ಇಂಗ್ಲಿಷ್ ಓದಿ, ಅರ್ಥವಾದದ್ದನ್ನು ಕನ್ನಡದಲ್ಲಿ ಐದು ಸಾಲು ಬರೆಯಿರಿ. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯ ಲೇಖನಗಳಿಂದ ಆರಂಭಿಸಬಹುದು. ಪಿಎಚ್‌ಡಿ ಪ್ರಬಂಧಗಳು ಬೇಕೆಂದರೆ ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಓದಲಿಕ್ಕೆ, ಕದಿಯಲಿಕ್ಕಲ್ಲ.

6. ನೆಟ್ ಪರೀಕ್ಷೆಯನ್ನು ಕೊನೆಗೆ ತಳ್ಳಬೇಡಿ.
ಕಾಲೇಜು ಅಧ್ಯಾಪಕರಾಗಲು ಬೇಕಾದ ಈ ಅರ್ಹತಾ ಪರೀಕ್ಷೆಯನ್ನು ಎಂ.ಎ. ಅಂತಿಮ ವರ್ಷದಲ್ಲೇ ಬರೆಯಬಹುದು. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, 3 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. 2024ರಿಂದ ಇದರ ಅಂಕವನ್ನು ಪಿಎಚ್‌ಡಿ ಪ್ರವೇಶಕ್ಕೂ ಪರಿಗಣಿಸುತ್ತಾರೆ. ಸಮಾಜಶಾಸ್ತ್ರದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಮೇಲಿನ ಸೂತ್ರ ಹೇಳಿದ್ದು ಸುಮ್ಮನೆ ಅಲ್ಲ. ರಾಜ್ಯದ ಕೆ-ಸೆಟ್ ಇನ್ನೊಂದು ದಾರಿ.

7. ಕೆಲಸದ ಲೆಕ್ಕ ಮೊದಲೇ ಹಾಕಿ.
ಪದವಿ ಕಾಲೇಜಿನ ಕಾಯಂ ಹುದ್ದೆಗಳ ನೇಮಕಾತಿ ಅಪರೂಪಕ್ಕೊಮ್ಮೆ ಆಗುತ್ತದೆ, ಅದನ್ನೇ ನಂಬಿ ಕೂರಬೇಡಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಸಮಾಜಶಾಸ್ತ್ರ 500 ಅಂಕಗಳ ಐಚ್ಛಿಕ ವಿಷಯ. ಸ್ವಯಂಸೇವಾ ಸಂಸ್ಥೆಗಳಿಗೆ, ಸಮೀಕ್ಷೆ ನಡೆಸುವವರಿಗೆ ಹಳ್ಳಿಯಲ್ಲಿ ಕೂತು ಮಾತಾಡಬಲ್ಲ, ಅಂಕಿಅಂಶ ಬಿಡಿಸಬಲ್ಲ ಜನ ಬೇಕು. ಆದ್ದರಿಂದ ಎಂ.ಎ. ಮುಗಿಯುವುದರೊಳಗೆ ಎಕ್ಸೆಲ್ ಕಲಿಯಿರಿ, ಜೊತೆಗೆ ಎಸ್‌ಪಿಎಸ್‌ಎಸ್ ಕೂಡ. ಒಳ್ಳೆಯ ಕ್ಷೇತ್ರಕಾರ್ಯದ ವರದಿಯೊಂದು ಕೈಯಲ್ಲಿದ್ದರೆ, ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಮೊದಲು ಅದನ್ನೇ ತೋರಿಸಿ.