ಸ್ಕ್ಯಾನರ್‌ಗೆ ಮನೆಯಲ್ಲೇ ಸಿಗ್ನಲ್ ಮೀಟರ್ ಕೂರಿಸಬಹುದೇ?

ಪ್ರಶ್ನೆ: ನಾವಿರುವುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಎಲಿಕಾಟ್ ಸಿಟಿಯಲ್ಲಿ. ನನ್ನ ಹತ್ತಿರ ಹಳೆಯ ರೇಡಿಯೊ ಸ್ಕ್ಯಾನರ್ ಒಂದಿದೆ. ಹವಾಮಾನ ಪ್ರಸಾರವನ್ನೂ ರೈಲಿನವರ ಮಾತುಕತೆಯನ್ನೂ ಅದರಲ್ಲಿ ಕೇಳುತ್ತೇನೆ. ಸಿಗ್ನಲ್ ಎಷ್ಟು ಬಲವಾಗಿದೆ ಎಂದು ತೋರಿಸುವ ಮೀಟರ್ ಅದರಲ್ಲಿಲ್ಲ. ಸ್ಪೀಕರ್ ತಂತಿಗೆ ಒಂದು ಮುಳ್ಳಿನ ಮೀಟರ್ ಜೋಡಿಸಿದರೆ ಸಾಲದೇ?
– ಓದುಗರು, ಎಲಿಕಾಟ್ ಸಿಟಿ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಮೀಟರನ್ನು ಮನೆಯಲ್ಲೇ ಮಾಡಬಹುದು, ಖರ್ಚೂ ಹೆಚ್ಚಿಲ್ಲ. ಆದರೆ ಸ್ಪೀಕರ್‌ಗೆ ಜೋಡಿಸಿದರೆ ಅದು ಸಿಗ್ನಲ್ ಬಲವನ್ನು ತೋರಿಸುವುದಿಲ್ಲ. ಏಕೆಂಬುದನ್ನು ಮೊದಲು ನೋಡೋಣ, ಆಮೇಲೆ ಜೋಡಣೆಗೆ ಬರೋಣ.

ನೀವು ಕೇಳುವ ಎರಡೂ ಪ್ರಸಾರಗಳು ಎಫ್‌ಎಂ ವಿಧಾನದವು. ಎಫ್‌ಎಂನಲ್ಲಿ ಮಾತು ಅಡಗಿರುವುದು ಅಲೆಯ ಆವರ್ತನದ ಏರಿಳಿತದಲ್ಲಿ, ಅಲೆಯ ಎತ್ತರದಲ್ಲಲ್ಲ. ಆದ್ದರಿಂದ ರೇಡಿಯೊ ಒಳಗಿನ ಲಿಮಿಟರ್ ಎಂಬ ಭಾಗ ಸಿಗ್ನಲನ್ನು ಚೆನ್ನಾಗಿ ಹಿಗ್ಗಿಸಿ, ತಲೆಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿಬಿಡುತ್ತದೆ. ಪಕ್ಕದ ಗುಡ್ಡದಿಂದ ಬಂದ ಸಿಗ್ನಲ್ ಆಗಲಿ, ದೂರದ ಊರಿನದಾಗಲಿ, ಲಿಮಿಟರ್ ದಾಟಿದ ಮೇಲೆ ಎರಡೂ ಒಂದೇ ಅಳತೆ. ಸ್ಪೀಕರ್‌ಗೆ ತಗುಲಿಸಿದ ಮೀಟರ್ ಮಾತನಾಡುವವರ ದನಿಯ ಏರಿಳಿತಕ್ಕೆ ಕುಣಿಯುತ್ತದೆ ಅಷ್ಟೇ. ಇನ್ನೂ ಒಂದು ಸಂಗತಿ: ಸ್ಟೇಷನ್ ಇಲ್ಲದ ಕಡೆ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಅಡಗಿಸುವ ಭಾಗ) ತೆರೆದರೆ ಬರುವ 'ಸುಯ್' ಸದ್ದು ಮಾತಿಗಿಂತ ಜೋರಾಗಿರುತ್ತದೆ. ಆಗ ಸಿಗ್ನಲ್ಲೇ ಇಲ್ಲದಿದ್ದರೂ ಮುಳ್ಳು ತುದಿಗೆ ಹೋಗಿ ನಿಲ್ಲುತ್ತದೆ. ದನಿ ಜೋರಾಗಿದ್ದರೆ ಸಿಗ್ನಲ್ ಬಲವಾಗಿದೆ ಎಂದುಕೊಳ್ಳುವುದು ಸಹಜ. ಎಫ್‌ಎಂ ಮಟ್ಟಿಗೆ ಅದು ನಿಜವಲ್ಲ.

ಹಾಗಾದರೆ ಅಳೆಯುವುದು ಎಲ್ಲಿ? ಲಿಮಿಟರ್ ತನ್ನ ಕೆಲಸ ಮುಗಿಸುವ ಮೊದಲೇ. ಬಹಳಷ್ಟು ಹಳೆಯ ಸ್ಕ್ಯಾನರ್‌ಗಳಲ್ಲಿ ಹೊರಗಿನ ಸಿಗ್ನಲನ್ನು ಹಂತಹಂತವಾಗಿ ಇಳಿಸಿ, ಕೊನೆಗೆ 455 ಕಿಲೋಹರ್ಟ್ಸ್ ಆಸುಪಾಸಿಗೆ ತಂದು, ಒಂದು ಐಸಿಗೆ ಕೊಡುತ್ತಾರೆ. ಆ ಐಸಿಯ ಮೇಲೆ ಮುದ್ರಿಸಿದ ಸಂಖ್ಯೆಯನ್ನು ಓದಿಕೊಂಡರೆ ನಿಮ್ಮ ದಾರಿ ತಿಳಿಯುತ್ತದೆ.

1. ಎಂಸಿ3371 ಇದ್ದರೆ ಕೆಲಸ ಸುಲಭ. ಅದರ 13ನೇ ಪಿನ್ನನ್ನು ಮೀಟರ್‌ಗೆಂದೇ ಕೊಟ್ಟಿದ್ದಾರೆ. ಸಿಗ್ನಲ್ ಬಲಕ್ಕೆ ತಕ್ಕಂತೆ ಅಲ್ಲಿಂದ ಸಣ್ಣ ವಿದ್ಯುತ್ತು ಹರಿಯುತ್ತದೆ. ಆ ಪಿನ್ನಿನಿಂದ ಗ್ರೌಂಡ್‌ಗೆ ಸುಮಾರು 50 ಕಿಲೋಓಮ್ ರೆಸಿಸ್ಟರನ್ನೂ ಅದರ ಜೊತೆಗೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಹಾಕಿದರೆ ಅಳೆಯಬಹುದಾದ ವೋಲ್ಟೇಜ್ ಸಿಗುತ್ತದೆ.

2. ಎಂಸಿ3357 ಅಥವಾ ಎಂಸಿ3361 ಇದ್ದರೆ ಮೀಟರ್‌ಗೆ ಪಿನ್ ಇಲ್ಲ. ನಿರಾಶರಾಗಬೇಡಿ. 455 ಕಿಲೋಹರ್ಟ್ಸ್ ಸೆರಾಮಿಕ್ ಫಿಲ್ಟರ್ ಆದ ಮೇಲೆ 10 ಪಿಕೋಫ್ಯಾರಡ್ ಕೆಪಾಸಿಟರ್ ಮೂಲಕ ಸಿಗ್ನಲನ್ನು ಸ್ವಲ್ಪವೇ ಸ್ವಲ್ಪ ಹೊರತೆಗೆದು, ಬೇರೊಂದು ಪುಟ್ಟ ಬೋರ್ಡಿನಲ್ಲಿ ಕೂರಿಸಿದ ಎಸ್‌ಎ604 ಐಸಿಗೆ ಕೊಡಿ. 3371ರ 13ನೇ ಪಿನ್ನಿನಂತೆ, ಸಿಗ್ನಲ್ ಬಲವನ್ನು ಹೊರಗೆ ಹೇಳಲೆಂದೇ ಅದರ 5ನೇ ಪಿನ್ ಇದೆ. ಕೆಪಾಸಿಟರ್ ಅಷ್ಟು ಚಿಕ್ಕದೇ ಏಕೆ? ಆ ಆವರ್ತನದಲ್ಲಿ ಅದು ಸುಮಾರು 35 ಕಿಲೋಓಮ್ ತಡೆಯಂತೆ ವರ್ತಿಸುತ್ತದೆ. ಹಾಗಾಗಿ ಒಂದೆರಡು ಕಿಲೋಓಮ್‌ನ ಫಿಲ್ಟರ್ ಮೇಲೆ ಹೊರೆ ಬೀಳುವುದಿಲ್ಲ, ರೇಡಿಯೊ ಮೊದಲಿನಂತೆಯೇ ಕೆಲಸ ಮಾಡುತ್ತದೆ.

3. ಹೀಗೆ ಸಿಕ್ಕ ವೋಲ್ಟೇಜನ್ನು ನೇರವಾಗಿ ಮೀಟರ್‌ಗೆ ಕೊಟ್ಟರೆ ಮೀಟರ್ ಅದನ್ನು ಎಳೆದು ಕುಗ್ಗಿಸುತ್ತದೆ. ನಡುವೆ ಒಂದು ಎಲ್‌ಎಂ358 ಆಪ್-ಆಂಪ್ ಇರಲಿ. ಬಂದ ವೋಲ್ಟೇಜನ್ನೇ ಮುಂದಕ್ಕೆ ಕೊಡುವಂತೆ ಅದರ ಔಟ್‌ಪುಟ್ಟನ್ನು ಋಣ ಇನ್‌ಪುಟ್ಟಿಗೆ ಸೇರಿಸಿ. ಅಲ್ಲಿಂದ 10 ಕಿಲೋಓಮ್ ರೆಸಿಸ್ಟರ್, ಅದರ ಮುಂದೆ 20 ಕಿಲೋಓಮ್ ಪ್ರಿಸೆಟ್, ಕೊನೆಗೆ 200 ಮೈಕ್ರೋಆಂಪಿಯರ್ ಮೀಟರ್. ಮೊದಲ ಸಲ ಹಚ್ಚುವಾಗ ಪ್ರಿಸೆಟ್ ಅತಿ ಹೆಚ್ಚಿನ ತಡೆಯಲ್ಲಿರಲಿ, ಇಲ್ಲವಾದರೆ ಮುಳ್ಳು ರಪ್ಪನೆ ಬಡಿಯುತ್ತದೆ. ಹಳೆಯ ಟೇಪ್ ರೆಕಾರ್ಡರಿನ ಮೀಟರಾದರೂ ಆದೀತು. ಬೆಂಗಳೂರಿನ ಓದುಗರಿಗೆ ಇವೆಲ್ಲ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುವ ಸಾಮಾನುಗಳು.

ಮುಳ್ಳಿನ ಬದಲು ಎಲ್‌ಇಡಿ ಸಾಲು ಬೇಕೆನ್ನುವವರು ಎಲ್‌ಎಂ3914 ತೆಗೆದುಕೊಳ್ಳಿ, ಎಲ್‌ಎಂ3915 ಬೇಡ. ಡೆಸಿಬೆಲ್ ತೋರಿಸುವುದು 3915 ಎಂದು ಹಲವರು ಅದನ್ನೇ ಕೊಳ್ಳುತ್ತಾರೆ. ಆದರೆ ಮೇಲೆ ಹೇಳಿದ ಪಿನ್ನುಗಳ ವೋಲ್ಟೇಜ್ ಈಗಾಗಲೇ ಡೆಸಿಬೆಲ್ ಲೆಕ್ಕದಲ್ಲೇ ಏರುತ್ತದೆ. ಅದಕ್ಕೆ ಸಮಾನ ಮೆಟ್ಟಿಲುಗಳ 3914 ಸರಿ.

ಇನ್ನು ಗುರುತು ಹಾಕುವ ಕೆಲಸ. ಇದಕ್ಕೆ ಎಡೆಬಿಡದೆ ಬರುವ ಸಿಗ್ನಲ್ ಬೇಕು. ನಿಮ್ಮೂರಿನ 19ನೇ ಶತಮಾನದ ಹಳೆಯ ನಿಲ್ದಾಣದ ಮುಂದೆ ಹಾದುಹೋಗುವ ರೈಲಿನವರು ಯಾವಾಗಲೋ ಒಮ್ಮೆ ಮಾತನಾಡುತ್ತಾರೆ, ಅದು ಇದಕ್ಕೆ ಆಗದು. ರಾಷ್ಟ್ರೀಯ ಹವಾಮಾನ ಸೇವೆಯ ರೇಡಿಯೊ ದಿನದ 24 ಗಂಟೆಯೂ ಇರುತ್ತದೆ. ಬಾಲ್ಟಿಮೋರ್ ಕೇಂದ್ರದ್ದು 162.400 ಮೆಗಾಹರ್ಟ್ಸ್, ವರ್ಜೀನಿಯಾದ ಮನಾಸಸ್‌ನಿಂದ ಬರುವುದು 162.550. ಸ್ಕ್ಯಾನಿಂಗ್ ನಿಲ್ಲಿಸಿ 162.400ರಲ್ಲಿ ಹೋಲ್ಡ್ ಮಾಡಿ. ಅಂಟೆನಾ ತಂತಿಯ ನಡುವೆ 6 ಡೆಸಿಬೆಲ್ ತಗ್ಗಿಸುವ ಜೋಡಣೆ ಸೇರಿಸಿ: ದಾರಿಯಲ್ಲಿ ಒಂದು 39 ಓಮ್, ಅದರ ಎರಡೂ ತುದಿಯಿಂದ ಗ್ರೌಂಡ್‌ಗೆ ಒಂದೊಂದು 150 ಓಮ್. ಮುಳ್ಳು ಇಳಿದ ಜಾಗಕ್ಕೆ ಗೆರೆ ಎಳೆಯಿರಿ. ಇಂಥದೇ ಇನ್ನೊಂದು ಸೇರಿಸಿ, ಇನ್ನೊಂದು ಗೆರೆ. ಒಂದೊಂದು ಗೆರೆಗೂ ಸಿಗ್ನಲ್ ವೋಲ್ಟೇಜ್ ಅರ್ಧವಾದಂತೆ. ಹ್ಯಾಮ್ ರೇಡಿಯೊದವರ 'ಎಸ್' ಅಳತೆಯ ಒಂದು ಮೆಟ್ಟಿಲೂ ಇಷ್ಟೇ, 6 ಡೆಸಿಬೆಲ್. ಅಂಟೆನಾ ತೆಗೆದರೂ ಮುಳ್ಳು ಪೂರ್ತಿ ಸೊನ್ನೆಗೆ ಇಳಿಯದಿದ್ದರೆ ಗಾಬರಿ ಬೇಡ. ಐಸಿಗೆ ತನ್ನದೇ ಆದ ಗದ್ದಲವಿರುತ್ತದೆ. ಅದು ನಿಂತ ಜಾಗವೇ ನಿಮ್ಮ ಸೊನ್ನೆ.

ಮೀಟರ್ ಹಾಕಿದ ಮಾತ್ರಕ್ಕೆ ಸ್ಕ್ಯಾನರ್ ಹೆಚ್ಚು ಚೆನ್ನಾಗಿ ಕೇಳಿಸುವುದಿಲ್ಲ. ಅಂಟೆನಾಗೆ ಸರಿಯಾದ ಜಾಗ ಹುಡುಕಲು ಅದು ನೆರವಾಗುತ್ತದೆ, ಅದೇ ಅದರ ನಿಜವಾದ ಉಪಯೋಗ. 162 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 185 ಸೆಂಟಿಮೀಟರ್. ಮನೆಯೊಳಗೆ ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದರ ಮೇಲೊಂದು ಬಿದ್ದು, ಕೆಲವು ಕಡೆ ಕೂಡಿಕೊಳ್ಳುತ್ತವೆ, ಕೆಲವು ಕಡೆ ಕಳೆದುಹೋಗುತ್ತವೆ. ಅಂಟೆನಾವನ್ನು 46 ಸೆಂಟಿಮೀಟರ್‌ನಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಮೊಳ, ಸರಿಸಿದರೂ ಮುಳ್ಳು ಎರಡು ಮೂರು ಗೆರೆ ಏರಬಹುದು. ದನಿ ಮೊದಲೇ ಸ್ಪಷ್ಟವಾಗಿದ್ದರೆ ಈ ವ್ಯತ್ಯಾಸ ಕಿವಿಗೆ ತಿಳಿಯುವುದೇ ಇಲ್ಲ.

ನಿಮ್ಮೂರಿನಲ್ಲಿ ಇದು ಬರೀ ಹವ್ಯಾಸದ ಮಾತಲ್ಲ. ಹಳೆಯ ಪೇಟೆ ಇರುವುದು ಪಟಾಪ್ಸ್ಕೊ ನದಿಯ ಕಣಿವೆಯಲ್ಲಿ, ಕಲ್ಲುಗುಡ್ಡಗಳ ನಡುವೆ. ಈ ಅಲೆಗಳು ಹೆಚ್ಚಾಗಿ ನೇರ ದಾರಿಯಲ್ಲೇ ಸಾಗುವುದರಿಂದ ತಗ್ಗಿನ ಮನೆಗಳಿಗೆ ಸಿಗ್ನಲ್ ಕಡಿಮೆ. 2016ರ ಜುಲೈ 30ರಂದು, ಮತ್ತೆ 2018ರ ಮೇ 27ರಂದು ಮೇನ್ ಸ್ಟ್ರೀಟ್ ಮೇಲೆ ಪ್ರವಾಹ ನುಗ್ಗಿತು. ಜೀವಹಾನಿಯೂ ಆಯಿತು. ಗುಡುಗು ಮಳೆಯ ರಾತ್ರಿ ಹವಾಮಾನದ ಎಚ್ಚರಿಕೆ ಕೇಳಿಸಲೇಬೇಕು. ಸಿಗ್ನಲ್ ಎರಡು ಮೂರು ಗೆರೆ ಹೆಚ್ಚಿಗೆ ಇದ್ದರೆ, ನಡುವೆ ಏನಾದರೂ ತೊಡಕಾದಾಗಲೂ ಮಾತು ಕಡಿಯದು.

ಒಂದು ಎಚ್ಚರ. ಮೀಟರ್ ಬಲವನ್ನು ಹೇಳುತ್ತದೆ, ಗುಣವನ್ನಲ್ಲ. ಕಳಪೆ ಚಾರ್ಜರ್ ಅಥವಾ ಎಲ್‌ಇಡಿ ದೀಪ ಹೊರಡಿಸುವ ಗದ್ದಲಕ್ಕೂ ಮುಳ್ಳು ಏರುತ್ತದೆ. ಆದ್ದರಿಂದ ಮುಳ್ಳಿನ ಜೊತೆ ಕಿವಿಯನ್ನೂ ನಂಬಿ.

ಬೆಸುಗೆ ಹಾಕುವ ಮೊದಲು ಸಣ್ಣ ಪರೀಕ್ಷೆ ಮಾಡಿ. ಸ್ಕ್ಯಾನರನ್ನು ಬ್ಯಾಟರಿಯಲ್ಲೇ ನಡೆಸಿ, 1ನೇ ದಾರಿಯವರು ಗ್ರೌಂಡ್‌ಗೆ ಹಾಕುವ ರೆಸಿಸ್ಟರನ್ನೂ 2ನೇ ದಾರಿ ಹಿಡಿದವರು ಪುಟ್ಟ ಬೋರ್ಡನ್ನೂ ತಾತ್ಕಾಲಿಕವಾಗಿ ಜೋಡಿಸಿಕೊಂಡು, ಮಲ್ಟಿಮೀಟರನ್ನು ಮೇಲೆ ಹೇಳಿದ ಪಿನ್ನಿಗೆ ಇಟ್ಟು ಅಂಟೆನಾವನ್ನು ಒಮ್ಮೆ ತೆಗೆದು ಮತ್ತೆ ಹಾಕಿ. ವೋಲ್ಟೇಜ್ ಇಳಿದು ಏರಿದರೆ ಜಾಗ ಸರಿಯಾಗಿದೆ, ಧೈರ್ಯವಾಗಿ ಮುಂದುವರಿಯಿರಿ.