ಸ್ಟಾರ್ಟ್ ಆಗದ ಟ್ರ್ಯಾಕ್ಟರ್ ಮತ್ತು ಓಮ್‌ನ ನಿಯಮ: ಒಂದು ಬೋಧನಾಭ್ಯಾಸದ ಅನುಭವ

ಹಿನ್ನೆಲೆ

ನೌಬಾದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಜನವರಿ ತಿಂಗಳಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. ಹತ್ತನೆಯ ತರಗತಿಯ 'ವಿದ್ಯುಚ್ಛಕ್ತಿ' ಘಟಕದ ಪುನರಾವರ್ತನೆ ನನ್ನ ಪಾಲಿಗೆ ಬಂದಿತ್ತು. ಒಬ್ಬ ವಿದ್ಯಾರ್ಥಿ ದಿನವೂ ಮೊದಲ ಅವಧಿ ಮುಗಿಯುವ ಹೊತ್ತಿಗೆ ಬರುತ್ತಿದ್ದ. ಮೂರನೆಯ ದಿನ ಗದರಿಸಿದೆ. ಅವನು ತಲೆ ತಗ್ಗಿಸಿ ಹೇಳಿದ: "ಟ್ರ್ಯಾಕ್ಟರ್ ಧಕ್ಕಾ ಹೊಡೀಬೇಕ್ರಿ ಸರ್. ಚಳಿಗಿ ಚಾಲೂನೇ ಆಗವಲ್ದು."

ಕಬ್ಬು ಸಾಗಿಸುವ ಕಾಲ. ಹಳೆಯ ಟ್ರ್ಯಾಕ್ಟರು. ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ತಂದೆ ಮೇಲೆ ಕುಳಿತರೆ ಮಗ ಮತ್ತು ಚಿಕ್ಕಪ್ಪ ತಳ್ಳಬೇಕು. ಗ್ಯಾರೇಜಿನವರು ಹೊಸ ಬ್ಯಾಟರಿ ಹಾಕಿಸಲು ಹೇಳಿದ್ದರಂತೆ.

ನಾನು ಮಾಡಿದ ತಪ್ಪು

ಸರಣಿ ಜೋಡಣೆಯ ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಹಿಗ್ಗಿದೆ. ಸಂಜೆ ಮಲ್ಟಿಮೀಟರ್ ಹಿಡಿದು ಅವರ ಮನೆಗೆ ಹೋಗಿ ಬ್ಯಾಟರಿಗೆ ಹಚ್ಚಿದೆ. 12.5 ವೋಲ್ಟ್ ತೋರಿಸಿತು. "ಬ್ಯಾಟರಿ ಸರಿ ಅದ ಕಾಕಾ, ಸೆಲ್ಫ್ ಮೋಟಾರ್ ಕೆಟ್ಟಿರಬೇಕು" ಎಂದುಬಿಟ್ಟೆ. ಮರುದಿನ ಹುಡುಗ ಕೇಳಿದ: "ಅಪ್ಪ ಸೆಲ್ಫ್ ಬಿಚ್ಚಿ ವೈಂಡಿಂಗ್‌ಗೆ ಒಯ್ತೀನಿ ಅಂತಾನ್ರಿ. ಒಯ್ಯಲ್ಯಾ ಸರ್?"

ನನ್ನ ಒಂದು ಮಾತಿಗೆ ಆ ಮನೆಯ ಹಣ ಖರ್ಚಾಗುವುದರಲ್ಲಿತ್ತು. ಎರಡು ದಿನ ತಡೆಯಲು ಹೇಳಿ, ಮಾರ್ಗದರ್ಶಕ ಉಪನ್ಯಾಸಕರ ಬಳಿ ಹೋದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಅಳೆಯುವಾಗ ಸೆಲ್ಫ್ ತಿರುಗುತ್ತಿತ್ತೇ?" ತಿರುಗುತ್ತಿರಲಿಲ್ಲ. ಪ್ರವಾಹವೇ ಹರಿಯದಿದ್ದಾಗ ರೋಧದ ಎರಡು ತುದಿಗಳ ನಡುವೆ ವಿಭವಾಂತರ ಇರುವುದಿಲ್ಲ. ಇದನ್ನು ನಾನೇ ಕಪ್ಪುಹಲಗೆಯ ಮೇಲೆ ಬರೆದಿದ್ದೆ!

ಚಟುವಟಿಕೆ

ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಟ್ರ್ಯಾಕ್ಟರನ್ನು ಶಾಲೆಯ ಗೇಟಿನ ಬಳಿ ತರಿಸಿದೆವು. ಗೇರು ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಹೊತ್ತಿಕೊಳ್ಳದಂತೆ ಸ್ಟಾಪ್ ನಾಬ್ ಎಳೆದಿಟ್ಟೆವು. ಸೆಲ್ಫ್ ಒತ್ತುವುದು ರೈತರ ಕೆಲಸ, ಅದೂ ಒಮ್ಮೆಗೆ ಐದಾರು ಸೆಕೆಂಡು ಮಾತ್ರ. ಮೀಟರಿನ ತಂತಿ ಹಿಡಿಯುವುದು ನನ್ನ ಕೆಲಸ. ವಿದ್ಯಾರ್ಥಿಗಳು ದೂರ ನಿಂತು ಅಂಕಿ ಬರೆದುಕೊಳ್ಳಬೇಕು.

ಮೊದಲು ಊಹೆ ಕೇಳಿದೆ. ಅರ್ಧದಷ್ಟು ಮಂದಿ "ಬ್ಯಾಟ್ರಿ ಖರಾಬ್" ಎಂದರು. ಉಳಿದವರು "ಲೈಟ್ ಛಲೋ ಉರೀತಾವ, ಬ್ಯಾಟ್ರಿ, ವೈರ್ ಎಲ್ಲಾ ಸರಿ ಅವ" ಎಂದರು. ನಂತರ ಸೆಲ್ಫ್ ನರಳುತ್ತ ತಿರುಗುತ್ತಿದ್ದಾಗ ದೊರೆತ ಅಂಕಿಗಳು ಇವು:

ಬ್ಯಾಟರಿಯ ಎರಡು ಕಂಬಗಳ ನಡುವೆ: 11.4 ವೋಲ್ಟ್
ಧನ ಕಂಬದಿಂದ ಸೆಲ್ಫ್ ಟರ್ಮಿನಲ್‌ವರೆಗೆ: 0.3 ವೋಲ್ಟ್
ಸೆಲ್ಫ್ ಟರ್ಮಿನಲ್‌ನಿಂದ ಎಂಜಿನ್ ಬಾಡಿವರೆಗೆ: 8.3 ವೋಲ್ಟ್
ಎಂಜಿನ್ ಬಾಡಿಯಿಂದ ಋಣ ಕಂಬದವರೆಗೆ: 2.8 ವೋಲ್ಟ್

ಕೊನೆಯ ಮೂರನ್ನು ಕೂಡಿಸಲು ಹೇಳಿದೆ. 11.4! ಸರಣಿ ಮಂಡಲದ ನಿಯಮ ಮಣ್ಣು ಮೆತ್ತಿದ ಯಂತ್ರದಲ್ಲೂ ತಪ್ಪಲಿಲ್ಲ. ಅರ್ಥ್ ವೈರಿನ ದಾರಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟವಾಗಬಾರದು. ಇಲ್ಲಿ 2.8 ನಷ್ಟವಾಗುತ್ತಿತ್ತು. ಋಣ ಕಂಬದ ಕ್ಲಾಂಪ್ ಸಡಿಲಿಸಿ ನೋಡಿದರೆ ಒಳಗೆಲ್ಲ ಬೂದು ಬಣ್ಣದ ಪುಡಿ. ಕ್ಲಾಂಪ್ ಬೆಚ್ಚಗೂ ಆಗಿತ್ತು.

ಲೆಕ್ಕ

ಪ್ರವಾಹ ಅಳೆಯುವ ಮೀಟರ್ ನಮ್ಮಲ್ಲಿರಲಿಲ್ಲ. 140 ಆಂಪಿಯರ್ ಎಂದು ಭಾವಿಸಿ ಲೆಕ್ಕ ಮಾಡಿದೆವು. 2.8 ÷ 140 = 0.02 ಓಮ್. ಪುಸ್ತಕದ ಲೆಕ್ಕಗಳಲ್ಲಿ ಇಷ್ಟು ಸಣ್ಣ ರೋಧವನ್ನು ನಾವು ಎಣಿಸುವುದೇ ಇಲ್ಲ. ಎರಡು ಹೆಡ್‌ಲೈಟ್‌ಗಳು ಸುಮಾರು 9 ಆಂಪಿಯರ್ ಎಳೆದರೆ ಅಲ್ಲಿ ನಷ್ಟವಾಗುವುದು 0.18 ವೋಲ್ಟ್ ಮಾತ್ರ. ಆದ್ದರಿಂದ ಲೈಟು ಚೆನ್ನಾಗಿ ಉರಿಯುತ್ತದೆ, ಸೆಲ್ಫ್ ಮಾತ್ರ ನರಳುತ್ತದೆ. ಕ್ಲಾಂಪ್ ಬೆಚ್ಚಗಾದದ್ದೇಕೆ? 2.8 × 140 = 392 ವ್ಯಾಟ್. ಶಾಖವಾಗಿ ಹೋಗುವ ಸಾಮರ್ಥ್ಯವೇ ಉತ್ತರ.

ರೈತರು ಋಣ ತಂತಿಯನ್ನು ಮೊದಲು, ಧನ ತಂತಿಯನ್ನು ನಂತರ ಬಿಚ್ಚಿ, ಕಂಬ ಮತ್ತು ಕ್ಲಾಂಪ್‌ಗಳನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದರು. ಪಾಲಿಶ್ ಪೇಪರಿನಿಂದ ಉಜ್ಜಿ, ಧನ ತಂತಿ ಮೊದಲು, ಋಣ ತಂತಿ ಕೊನೆಗೆ ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿದರು. ಈಗ ಅರ್ಥ್ ದಾರಿಯ ನಷ್ಟ 0.2 ವೋಲ್ಟ್, ಸೆಲ್ಫಿಗೆ ಸಿಕ್ಕಿದ್ದು 10.3. ಸ್ಟಾಪ್ ನಾಬ್ ಒತ್ತಿದ ಕೂಡಲೇ ಎಂಜಿನ್ ಎದ್ದಿತು. ಮಕ್ಕಳ ಚಪ್ಪಾಳೆಯಲ್ಲಿ ಗಂಟೆಯೇ ಕೇಳಿಸಲಿಲ್ಲ.

ಒಬ್ಬ ವಿದ್ಯಾರ್ಥಿನಿ ಮಾತ್ರ ಪುಸ್ತಕ ನೋಡುತ್ತ ನಿಂತಿದ್ದಳು: "ರಿಪೇರಿ ಆದಮ್ಯಾಲ ಬ್ಯಾಟ್ರಿ ವೋಲ್ಟ್ 11.4 ಇದ್ದದ್ದು 10.9 ಯಾಕ ಆಯ್ತ್ರಿ?" ರೋಧ ಕಡಿಮೆಯಾಗಿದ್ದರಿಂದ ಪ್ರವಾಹ ಹೆಚ್ಚಿತು; ಬ್ಯಾಟರಿಯೊಳಗೂ ಸ್ವಲ್ಪ ರೋಧವಿದೆ, ಅಲ್ಲಿ ನಷ್ಟ ಹೆಚ್ಚಾಯಿತು. ಆ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿರಲಿಲ್ಲ. ಇಡೀ ಅವಧಿಯ ಅತ್ಯುತ್ತಮ ಪ್ರಶ್ನೆ ಅದೇ.

ಮುಂದುವರಿದ ಪಾಠ

ನಿಧಾನವಾಗಿ ತಿರುಗಿದರೆ ಎಂಜಿನ್ ಏಕೆ ಹೊತ್ತಿಕೊಳ್ಳುವುದಿಲ್ಲ ಎಂಬುದನ್ನು ಮರುದಿನ ಚರ್ಚಿಸಿದೆವು. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ರೂಪಿಸಿದ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೇಳನೆಯ ಒಂದು ಭಾಗಕ್ಕೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ನಿಧಾನವಾಗಿ ಒತ್ತಿದರೆ ಶಾಖ ತಣ್ಣನೆಯ ಸಿಲಿಂಡರಿಗೆ ಸೋರುತ್ತದೆ. ಸವೆದ ರಿಂಗುಗಳ ಪಕ್ಕದಿಂದ ಗಾಳಿಯೂ ನುಸುಳುತ್ತದೆ. ಸೈಕಲ್ ಪಂಪಿನ ಬಾಯಿ ಮುಚ್ಚಿ ಒತ್ತಿಸಿ ಬಿಸಿಯನ್ನು ಮುಟ್ಟಿ ನೋಡಿಸಿದೆ.

ಕೊನೆಗೆ ಮಕ್ಕಳೇ ಒಂದು ಕ್ರಮ ಬರೆದರು. ಸೆಲ್ಫ್ ನಿಧಾನ ತಿರುಗಿದರೆ ಮೊದಲು ಕ್ಲಾಂಪ್, ಅರ್ಥ್, ಬ್ಯಾಟರಿ ನೋಡಬೇಕು. ಜೋರಾಗಿ ತಿರುಗಿಯೂ ಹೊಗೆ ಬಾರದಿದ್ದರೆ ಡೀಸೆಲ್ ಬರುತ್ತಿಲ್ಲ. ಟ್ಯಾಂಕ್, ಫಿಲ್ಟರ್, ಪೈಪಿನಲ್ಲಿ ಸೇರಿದ ಗಾಳಿ ನೋಡಬೇಕು. ಬಿಳಿ ಹೊಗೆ ಬಂದೂ ಹೊತ್ತಿಕೊಳ್ಳದಿದ್ದರೆ ಡೀಸೆಲ್ ಬರುತ್ತಿದೆ, ಶಾಖ ಸಾಲುತ್ತಿಲ್ಲ.

ಕಲಿತದ್ದು

ಸಹಪಾಠಿ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಮನವಿ ಎರಡು. ಊರಿನ ಯಂತ್ರವನ್ನು ಪಾಠಕ್ಕೆ ತರುವಾಗ ನಾವು ಹೇಳುವ ಉತ್ತರಕ್ಕೆ ಬೆಲೆ ತೆರುವವರು ಬೇರೆಯವರು. ಅಳೆಯದೆ ತೀರ್ಪು ಕೊಡಬಾರದು. ತಡವಾಗಿ ಬಂದ ಮಗುವನ್ನು ಗದರಿಸುವ ಮೊದಲು ಕಾರಣ ಕೇಳಬೇಕು.

ಮುಂದಿನ ವಾರ ಆ ಹುಡುಗ ನಾಲ್ಕು ದಿನ ಪ್ರಾರ್ಥನೆಗೆ ಮೊದಲೇ ಬಂದ. ಐದನೆಯ ದಿನ ಮತ್ತೆ ತಡ. ನಾನು ಬಾಯಿ ತೆರೆಯುವ ಮೊದಲೇ ಹೇಳಿದ: "ಸೆಲ್ಫ್ ಜೋರ್ ತಿರಗತಿತ್ರಿ ಸರ್, ಹೊಗಿ ಇರಲಿಲ್ಲ. ಪೈಪಿನಾಗ ಗಾಳಿ ಸೇರಿತ್ತು. ನಾನು ಅಪ್ಪ ಕೂಡಿ ತೆಗದಿವಿ." ಕೈಗೆ ಇನ್ನೂ ಡೀಸೆಲ್ ವಾಸನೆ ಇತ್ತು. ಮೌಲ್ಯಮಾಪನ ಪಟ್ಟಿಯಲ್ಲಿ 'ಅನ್ವಯ' ಎಂಬ ಕಾಲಮಿನಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕಿದೆ.